ಹೆಬ್ಬೆರಳಿನ ಗುರಿ

ಎಲ್ಲಕ್ಕೂ ಕಾರಣ ಕಾರಿನ ಚಕ್ರದಡಿ ಇಟ್ಟ ಒಂದು ನಿಂಬೆಹಣ್ಣು. ಲಾಕ್‌ಡೌನ್ ಇದ್ದರೇನು, ಆಯುಧಪೂಜೆ ಬಿಡಲಾದೀತೇ ಎಂದು ಪರದೇಶದ ಅತ್ಲೋನ್ ಪಟ್ಟಣದ ಹೊರವಲಯದ ಬಾಡಿಗೆ ಮನೆಯ ಮುಂದೆ ನಂದೀಶ ಕಾರಿಗೆ ಕುಂಕುಮ ಹಚ್ಚುತ್ತಿದ್ದ. ಪಕ್ಕದ ಹೊಲದಲ್ಲಿದ್ದ ಮನೆ ಓನರ್ ಷೇಮಸ್ ಬೇಲಿಗೆ ಬಂದು ಒರಗಿ, ಇದೇನು ಸಮಾಚಾರ ಎಂದು ವಿಚಾರಿಸಿದ.

"ಇವತ್ತು ನಾವು ಆಯುಧಗಳಿಗೆ ಪೂಜೆ ಮಾಡ್ತೀವಿ. ಕಾರು, ಲ್ಯಾಪ್‌ಟಾಪ್... ನಮ್ಮ ಮಾವನ ಮನೇಲಿ ಕೋವಿಗೂ ಮಾಡ್ತೀವಿ."

ಕೊನೆಯ ಮಾತು ಬೇಕಿರಲಿಲ್ಲ. ನಂದೀಶ ಕೋವಿ ಮುಟ್ಟಿದ್ದೇ ಕುಂಕುಮ ಹಚ್ಚುವಾಗ, ಅದೂ ಉಂಗುರಬೆರಳ ತುದಿಯಲ್ಲಿ.

ಷೇಮಸ್‌ನ ಮುಖ ಅರಳಿತು. ಲಾಕ್‌ಡೌನಿನಲ್ಲಿ ಊರವರೆಲ್ಲ ಬ್ರೆಡ್ ಮಾಡಲು ಕಲಿತರೆ ಈ ಮುದುಕ ಶೆಡ್ಡಿನಲ್ಲಿ ಕೂತು ಕೋವಿಗೆ ತೋಟೆ ಮಾಡಲು ಕಲಿತಿದ್ದ. ಸಣ್ಣ ಚರೆಗಳ ಬದಲು ಒಂದೇ ಒಂದು ದಪ್ಪ ಸೀಸದ ಗುಂಡು ತುಂಬಿದ ತೋಟೆ. ಅದು ಗುರಿಗೆ ಹೋಗುತ್ತದೋ ಇಲ್ಲವೋ ನೋಡುವುದು ಬಾಕಿಯಿತ್ತು.

"ಹಾಗಾದ್ರೆ ನೀನೇ ಸರಿ, ನ್ಯಾಂಡಿ! ನನಗೆ ದೂರದ್ದು ಕಾಣಲ್ಲ. ಗುಂಡು ಎಲ್ಲಿ ಬಿತ್ತು ಅಂತ ನೀನು ಹೇಳು."

ದೂರದ್ದು ಕಾಣದವನ ಕೈಯಲ್ಲಿ ಕೋವಿ! ಷೇಮಸ್‌ನ ಬಾಯಲ್ಲಿ ‘ನ್ಯಾಂಡಿ’ಯಾಗಿದ್ದ ನಂದೀಶ ಒಳಗೋಡಿದ. "ವನಜಾ, ಆಗಲ್ಲ ಅಂದ್ಬಿಡ್ಲಾ?"

"ಅನ್ನಿ. ಆಮೇಲೆ ಮನೆ ಖಾಲಿ ಮಾಡಿ ಅಂದ್ರೆ? ಈ ಕರೋನಾದಲ್ಲಿ ಯಾರ್ರೀ ಮನೆ ತೋರಿಸ್ತಾರೆ? ನನಗೀಗ ಏಳನೇ ತಿಂಗಳು. ಹೋಗ್ಬನ್ನಿ. ಮಾಸ್ಕ್ ಮರೀಬೇಡಿ."

ದಾರಿಯಲ್ಲಿ ಸ್ವೋರ್ಡ್ಸ್ ಊರಿನಲ್ಲಿದ್ದ ಗೆಳೆಯ ಲೋಹಿತನಿಗೆ ಫೋನ್ ಮಾಡಿದ.

"ಲೇ, ಮನೇಲಿ ತೋಟೆ ಮಾಡಿದ್ರೆ ಕೇಸಾಗತ್ತೆ ಕಣೋ. ಜೊತೇಲಿ ಸಿಕ್ಕಾಕೊಂಡ್ರೆ ನಿನ್ನ ವರ್ಕ್ ಪರ್ಮಿಟ್ ಹೋಗತ್ತೆ."

"ಗುಂಡು ನನಗೇ ತಗುಲಿದ್ರೆ?"

"ಆಗ ಪರ್ಮಿಟ್ ಚಿಂತೆ ಇರಲ್ಲ ಬಿಡು."

ಹುಟ್ಟಲಿರುವ ಮಗುವಿಗೆಂದು ತರಿಸಿದ್ದ ತೊಟ್ಟಿಲಿನ ರಟ್ಟಿನ ಡಬ್ಬವೇ ಗುರಿಯಾಯಿತು. ಅದಕ್ಕೆ ಕೆಂಪು ವೃತ್ತ ಬರೆದು ಬೇಲಿ ಕಂಬಕ್ಕೆ ಸಿಕ್ಕಿಸಿದರು. ಪಕ್ಕದ ಕಲ್ಲುಗೋಡೆಯ ಹಿಂದೆ ನಂದೀಶ ಮುದುರಿ ಕೂತ. ಹೊಲದ ಆ ತುದಿಯಲ್ಲಿ ಷೇಮಸ್ ಕೋವಿ ಎತ್ತಿದ.

ಢಂ! ನಂದೀಶ ಎರಡೂ ಕಿವಿ ಮುಚ್ಚಿಕೊಂಡ. ಇಣುಕಿದರೆ ಡಬ್ಬಕ್ಕೆ ಏನೂ ಆಗಿಲ್ಲ, ದನಗಳ ನೀರಿನ ತೊಟ್ಟಿ ಸೋರುತ್ತಿದೆ.

"ತೊಟ್ಟಿಗೆ ಬಿತ್ತು!" ಎಂದು ಪ್ರಾಮಾಣಿಕವಾಗಿ ಕೂಗಿದ.

"ಚಿಂತೆಯಿಲ್ಲ! ಗುರಿ ಸಿಗೋವರೆಗೂ ಬಿಡಲ್ಲ. ಬಕೆಟ್ ತುಂಬ ಮಾಡಿಟ್ಟಿದ್ದೀನಿ!"

ಎರಡನೇ ಗುಂಡಿಗೆ ಗೋಡೆಯ ಮೇಲ್ಗಲ್ಲು ಪುಡಿಯಾಗಿ ನಂದೀಶನ ತಲೆಯ ಮೇಲೇ ಉದುರಿತು. ಚಾಮುಂಡಿಯಿಂದ ಹಿಡಿದು ಅತ್ಲೋನ್ ಚರ್ಚಿನ ಸಂತರವರೆಗೆ ಎಲ್ಲರಿಗೂ ಅವನು ಹರಕೆ ಹೊತ್ತ. ಮಗುವಿನ ಮುಖ ನೋಡುವ ಮೊದಲೇ ಸಾಯುತ್ತೇನೆಂದು ನಿಜವಾಗಿಯೂ ಅಳು ಬಂತು. ಮೂರನೆಯದು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು.

ಬಕೆಟ್ಟು ಮುಗಿಯುವವರೆಗೆ ತಾನು ಉಳಿಯುವುದಿಲ್ಲ. ಗುರಿ ಸಿಕ್ಕರೆ ಮುದುಕ ನಿಲ್ಲಿಸುತ್ತಾನೆ. ನಂದೀಶ ತೆವಳಿಕೊಂಡು ಡಬ್ಬದ ಹತ್ತಿರ ಹೋದ. ವಾರದಿಂದ ಹೊರಗೆ ಬಿದ್ದು ಮಳೆಗೆ ನೆನೆದು ಮೆತ್ತಗಾಗಿದ್ದ ರಟ್ಟಿನ ನಡುವೆ ಹೆಬ್ಬೆರಳು ಒತ್ತಿದ. ದುಂಡಗೆ ತೂತಾಯಿತು.

"ನಟ್ಟ ನಡುವೆ!" ಎಂದು ಕಿರುಚಿದ.

ಖುಷಿಗೆ ಷೇಮಸ್ ಇನ್ನೊಂದು ಹಾರಿಸಿದ. ನಂದೀಶ ಪಕ್ಕದಲ್ಲೇ ಇನ್ನೊಂದು ತೂತು ಮಾಡಿದ.

ಮುದುಕ ಏದುಸಿರು ಬಿಡುತ್ತ ಬಂದು, ಓದುವ ಕನ್ನಡಕ ಏರಿಸಿ, ಒಂದಕ್ಕೊಂದು ಅಂಟಿಕೊಂಡಂತಿದ್ದ ತೂತುಗಳನ್ನು ಸವರಿದ. ಅವನ ಕಣ್ಣು ತುಂಬಿ ಬಂತು.

"ಗ್ರ್ಯಾಂಡ್ ಆಯ್ತಲ್ಲ, ಇನ್ನು ಸಾಕು ಅಲ್ವಾ?" ನಂದೀಶ ಮೆಲ್ಲಗೆ ಕೇಳಿದ.

"ಸಾಕಾ? ಕೂದಲೆಳೆ ಆಚೀಚೆ ಹೋಗದ ಗುಂಡು ಇದು! ಇನ್ನು ಗೋಡೆ ಹಿಂದೆ ಬಗ್ಗೋದ್ಯಾಕೆ?" ಷೇಮಸ್ ಡಬ್ಬವನ್ನು ಕಂಬದಿಂದ ಕಿತ್ತು ನಂದೀಶನ ಕೈಗಿಟ್ಟ. "ಈ ಹಾಳು ಗಾಳಿಗೆ ಅಲ್ಲಾಡ್ತಾ ಇತ್ತು. ಎದೆ ಹತ್ತಿರ ಗಟ್ಟಿಯಾಗಿ ಹಿಡ್ಕೊ."

ಸುಳ್ಳು ಹೇಳಿದೆನೆಂದು ಒಪ್ಪಿಕೊಂಡರೆ ಮನೆ ಹೋಗುತ್ತದೆ, ಒಪ್ಪಿಕೊಳ್ಳದಿದ್ದರೆ ಜೀವ. ನಂದೀಶ ಡಬ್ಬವನ್ನು ಎದೆಯಿಂದ ಆದಷ್ಟು ದೂರಕ್ಕೆ ಚಾಚಿ ಹಿಡಿದ. ಅಷ್ಟರಲ್ಲಿ ಮುದುಕ ಹೊಲದ ಆ ತುದಿ ತಲುಪಿ ಕೋವಿ ಎತ್ತಿಯಾಗಿತ್ತು.

"ನ್ಯಾಂಡಿ! ಎಲ್ಲಿ ಬಿತ್ತು ಅಂತ ಕೂಗೋದು ಮರೀಬೇಡ!"