ಮುತ್ತಜ್ಜನ ಹೆಸರು

ನಾಳೆ ಮಂಕಿಯಲ್ಲಿ ಶಾಂತಾರಾಮನ ಹೊಸ ಮನೆಯ ಗೃಹಪ್ರವೇಶ. ಇವತ್ತು ಬೆಳಿಗ್ಗೆ ಬಂದ ಭಟ್ಟರು ಸಂಕಲ್ಪಕ್ಕೆ ಮೂರು ತಲೆಮಾರಿನ ಹೆಸರು ಕೇಳಿದರು. ಹೊನ್ನಾವರದ ಅಂಚೆ ಕಚೇರಿಯಲ್ಲಿ ಸಾವಿರಾರು ಜನರ ವಿಳಾಸ ಬಾಯಿಪಾಠ ಮಾಡಿಕೊಂಡಿದ್ದ ಶಾಂತಾರಾಮನಿಗೆ ಅಪ್ಪನ ಹೆಸರು ಗೊತ್ತಿತ್ತು, ಅಜ್ಜ ವೆಂಕಟ್ರಮಣನದೂ ಗೊತ್ತಿತ್ತು. ಮುತ್ತಜ್ಜನ ಹತ್ತಿರ ಬಂದಾಗ ನಾಲಿಗೆ ನಿಂತುಹೋಯಿತು.

ಪಕ್ಕದ ದೊಡ್ಡಮನೆಯ ಶ್ರೀಕೃಷ್ಣ ಬೇಲಿಯಾಚೆಯಿಂದಲೇ ನಕ್ಕ. "ಎಲ್ಲಿಂದಲೋ ಮಂಕಿಗೆ ಬಂದ್ಕಂಡವ್ರು. ಅವ್ರಿಗೆಂತ ಮುತ್ತಜ್ಜ ಮಾರಾಯ!"

ಎದುರುಮನೆಯ ಪರಮೇಶ್ವರಕ್ಕನೂ ನಕ್ಕಳು. ಶಾಂತಾರಾಮ ಚಪ್ಪಲಿ ಮೆಟ್ಟಿ ಹೊನ್ನಾವರದ ಬಸ್ಸು ಹತ್ತಿದ.

ತಾಲೂಕು ಕಚೇರಿಯಲ್ಲಿ ದಾಖಲೆ ನೋಡಿಕೊಳ್ಳುವ ಗಂಗೆ, "ಸತ್ತವ್ರಿಗೇ ಅರ್ಜೆಂಟಿಲ್ಲ, ನಿಮಗೆಂತ ಅರ್ಜೆಂಟು?" ಎಂದು ಗೊಣಗುತ್ತಲೇ ಮರಣ ರಿಜಿಸ್ಟರು ತೆಗೆದುಕೊಟ್ಟಳು. ಧೂಳಿಗೆ ಇಪ್ಪತ್ತು ಸೀನು ಸೀನಿದ ಮೇಲೆ ಅಜ್ಜ ಸಿಕ್ಕ: 'ವೆಂಕಟ್ರಮಣ, ೧೯೩೪, ಜ್ವರ.' ತಂದೆಯ ಹೆಸರಿನ ಜಾಗದಲ್ಲಿ ಗೆದ್ದಲು ಊಟ ಮುಗಿಸಿ 'ತಿ' ಮಾತ್ರ ಎಂಜಲು ಬಿಟ್ಟಿತ್ತು.

"ತಿಪ್ಪಯ್ಯನೋ ತಿರುಮಲನೋ, ಯಾರಿಗೆ ಗೊತ್ತು!" ಎಂದಳು ಗಂಗೆ. "ಕುಮಟೆ ಲೈಬ್ರರಿಗೆ ಹೋಗಿ. ಹಳೇ ವಾರಪತ್ರಿಕೆ ಇದ್ದು. ಸತ್ತವ್ರ ಸುದ್ದಿ ಹಾಕ್ತಿದ್ರು."

ಕುಮಟೆಯ ಗ್ರಂಥಪಾಲಕ ನಿಧನವಾರ್ತೆ ಎಂದದ್ದೇ ಕನ್ನಡಕ ತೆಗೆದು ಮುಖ ಸಣ್ಣದು ಮಾಡಿದ.

"ಯಾರು ಹೋದ್ರು?"

"ನಮ್ಮ ಅಜ್ಜ."

"ಅಯ್ಯೋ! ಯಾವಾಗ?"

"ಮೂವತ್ನಾಲ್ಕರಲ್ಲಿ."

ಗ್ರಂಥಪಾಲಕ ಕನ್ನಡಕ ಹಾಕಿಕೊಂಡು ಹಳೇ ಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದ.

ಮಧ್ಯಾಹ್ನದ ಊಟ ಬಿಟ್ಟು ಹುಡುಕಿದ ಶಾಂತಾರಾಮ ನಾಲ್ಕು ಗಂಟೆಗೆ ಕುರ್ಚಿಯಿಂದ ಎಗರಿದ: 'ಮಂಕಿಯ ತಿಮ್ಮಪ್ಪನವರ ಕಿರಿಯ ಪುತ್ರ ವೆಂಕಟ್ರಮಣನವರು ದೈವಾಧೀನರಾದರು. ಅಣ್ಣ, ದೊಡ್ಡಮನೆ ಶೇಷಗಿರಿಯವರನ್ನು ಅಗಲಿದ್ದಾರೆ.'

ಶೇಷಗಿರಿ ಎಂದರೆ ಶ್ರೀಕೃಷ್ಣನ ಅಜ್ಜ! ಎಲ್ಲಿಂದಲೋ ಬಂದವರಲ್ಲ, ದೊಡ್ಡಮನೆಯ ರಕ್ತವೇ!

ಝೆರಾಕ್ಸ್ ಹಿಡಿದು ಮಂಕಿಯಲ್ಲಿ ಇಳಿದರೆ ದೊಡ್ಡಮನೆಯ ಅಂಗಳದ ತುಂಬ ಜನ. ಭಟ್ಟರೂ ಇದ್ದರು. ತನ್ನ ಗೆಲುವಿನ ಸುದ್ದಿ ಬಸ್ಸಿಗಿಂತ ಮೊದಲೇ ಬಂದಿರಬೇಕು ಎಂದುಕೊಂಡು ಶಾಂತಾರಾಮ ಮೆಟ್ಟಿಲ ಮೇಲೆ ನಿಂತ. ಯಕ್ಷಗಾನದ ವೇಷಧಾರಿಯಂತೆ ಎದೆಯುಬ್ಬಿಸಿ, ಬೀದಿಗೆಲ್ಲ ಕೇಳುವಂತೆ ಓದಿದ. ಎರಡು ಸಲ ಓದಿದ. "ಅಚ್ಚಾದ ಸತ್ಯ ಇದು! ಶ್ರೀಕೃಷ್ಣಾ, ನಾನು ನಿನ್ನ ದಾಯಾದಿ! ಇಲ್ಲ ಅನ್ನು ನೋಡ್ವಾ!"

ಒದ್ದೆ ಪಂಚೆಯಲ್ಲಿ ಕೂತಿದ್ದ ಶ್ರೀಕೃಷ್ಣ ಕಾಗದ ಇಸಕೊಂಡು ನಿಧಾನವಾಗಿ ಓದಿದ. ಅವನ ಕಣ್ಣು ತುಂಬಿತು. "ಹೌದಾ ತಮ್ಮಾ. ತಪ್ಪಾತು. ಎಲ್ಲರೆದುರೇ ಹೇಳ್ತೆ, ನೀನು ನಮ್ಮವನೇ."

ಶಾಂತಾರಾಮನ ಎದೆ ಇನ್ನೆರಡು ಅಂಗುಲ ಉಬ್ಬಿತು. ಪರಮೇಶ್ವರಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಆಗ ಭಟ್ಟರು ಗಂಟಲು ಸರಿಮಾಡಿಕೊಂಡರು.

"ಹಾಗಾದ್ರೆ ನಾಳೆ ಗೃಹಪ್ರವೇಶ ಇಲ್ಲ."

"ಎಂತಕ್ಕೆ?"

"ಧಾರೇಶ್ವರದಲ್ಲಿ ಶ್ರೀಕೃಷ್ಣನ ದೊಡ್ಡಪ್ಪ ಮಧ್ಯಾಹ್ನ ಹೋದ್ರು. ದಾಯಾದಿಗಳಿಗೆ ಹತ್ತು ದಿನ ಸೂತಕ. ಅದು ಕಳೆಯೂದರೊಳಗೆ ಆಷಾಢ. ಇನ್ನು ಶ್ರಾವಣಕ್ಕೇ ಮುಹೂರ್ತ."

ಶಾಂತಾರಾಮನ ಧ್ವನಿ ಇಳಿಯಿತು. "ಭಟ್ರೇ... ಪತ್ರಿಕೆಯವ್ರು ತಪ್ಪು ಬರ್ದಿರಬಹುದಲಾ?"

ಶ್ರೀಕೃಷ್ಣ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಬಾ ತಮ್ಮಾ, ಬಾವಿ ಹಿತ್ತಲಲ್ಲಿದ್ದು. ಮೊದಲು ಮಿಂದ್ಕಂಡು ಬಾ."