ಆಫ್ರಿಕಾಕ್ಕೆ ಹೋಗಲು ಸರಿಯಾದ ಕಾಲ

ಪ್ರವಾಸ ಹೋಗುವವರಲ್ಲಿ ಎರಡು ಬಗೆ. ಊರೆಲ್ಲ ಹೊರಟಾಗ ತಾವೂ ಹೊರಡುವವರು ಒಂದು ಬಗೆ. ಊರೆಲ್ಲ ಹೋಗಿ, ನೋಡಿ, ವಾಪಸು ಬಂದು ಮೈಕೈ ನೋವಿಗೆ ಎಣ್ಣೆ ಹಚ್ಚಿಕೊಳ್ಳುವ ಹೊತ್ತಿಗೆ ಮೆಲ್ಲಗೆ ಚೀಲ ಹುಡುಕುವವರು ಇನ್ನೊಂದು ಬಗೆ. ನಾನು ಎರಡನೆಯವನು. ಸಿನಿಮಾ ಬಂದರೆ ಟೆಂಟಿನವರು ಪೋಸ್ಟರ್ ಕೀಳುವ ಹಿಂದಿನ ದಿನ ಹೋಗಿ, ಕಾಲು ಚಾಚಿ ಕೂತು ನೋಡುವವನು. ಆಡಿ ತಿಂಗಳ ಹದಿನೆಂಟನೆಯ ದಿನದ ಹೊಳೆಹಬ್ಬಕ್ಕೆ ಸೇಲಂ, ಧರ್ಮಪುರಿಯ ಜನವೆಲ್ಲ ಮೆಟ್ಟೂರಿಗೆ ಬಂದು ಕಾವೇರಿಯಲ್ಲಿ ಮುಳುಗುವಾಗ ನಾನು ಮನೆಯ ಬಚ್ಚಲಲ್ಲಿ ಮೀಯುತ್ತಿದ್ದೆ. ಆಮೇಲೊಂದು ದಿನ, ನದಿ ನನಗೊಬ್ಬನಿಗೇ ಸಿಕ್ಕಾಗ, ಹೋಗಿ ದಡದಲ್ಲಿ ಕೂತು ಬರುತ್ತಿದ್ದೆ. ನೀರಿಗೆ ಇಳಿಯುತ್ತಿರಲಿಲ್ಲ, ಅದು ಬೇರೆ ಮಾತು. ನನ್ನ ಹೆಂಡತಿ ಸರೋಜ ಮೊದಲನೆಯ ಬಗೆ. ಪೆನ್ನಾಗರಂ ಆಚೆಯ ಕಾಡಂಚಿನ ಊರಲ್ಲಿ ಹುಟ್ಟಿ, ಬಾಲ್ಯವೆಲ್ಲ ಕುರಿಗಳ ಮುಖ ನೋಡಿಕೊಂಡು ಬೆಳೆದವಳಿಗೆ ಮನುಷ್ಯರ ಮುಖ ಎಷ್ಟು ನೋಡಿದರೂ ಸಾಲದು. ಜನ ಇಲ್ಲದ ಜಾಗ ಅವಳ ಲೆಕ್ಕದಲ್ಲಿ ಜಾಗವೇ ಅಲ್ಲ.

ಇಂಥ ನಾವಿಬ್ಬರು ಒಂದೇ ಮನೆಯಲ್ಲಿ ತಕ್ಕಮಟ್ಟಿಗೆ ನೆಮ್ಮದಿಯಾಗಿಯೇ ಇದ್ದೆವು. ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷವಾಗಿದ್ದಿರಬೇಕು. ಮೆಟ್ಟೂರಿನ ಒಂದು ಕಾರ್ಖಾನೆಯಲ್ಲಿ ಹಾಜರಿ ಲೆಕ್ಕ ಬರೆಯುವ ಟೈಮ್ ಆಫೀಸಿನ ಗುಮಾಸ್ತನಾಗಿದ್ದೆ. ಕಾರ್ಖಾನೆಯವರೇ ಕೊಟ್ಟ ಸಣ್ಣ ಮನೆ, ಮದುವೆಯಾಗಿ ಮೂರ್ನಾಲ್ಕು ವರ್ಷ. ಆ ನೆಮ್ಮದಿಗೆ ಆಫ್ರಿಕಾ ಬಂದು ಅಡ್ಡ ನಿಂತಿತು. ತಂದವರು ನನ್ನ ಷಡ್ಡಕ ಗೋವಿಂದಣ್ಣ. ಸರೋಜಳ ಅಕ್ಕ ಕಮಲಳ ಗಂಡ. ನೈರೋಬಿಯ ಒಂದು ಮೋಟಾರು ಷೆಡ್ಡಿನಲ್ಲಿ ಫೋರ್‌ಮನ್. ಊರಿಗೆ ಬಂದರೆ ನಮ್ಮ ಬಿಸಿಲನ್ನು ಬಿಸಿಲೆಂದು, ನಮ್ಮ ಅಣೆಕಟ್ಟನ್ನು ಅಣೆಕಟ್ಟೆಂದು ಒಪ್ಪುವ ಮನುಷ್ಯನಲ್ಲ. ಎಲ್ಲದಕ್ಕೂ "ಅಲ್ಲಿ" ಅನ್ನುವುದೊಂದು ಅವರ ಬಳಿ ಇರುತ್ತಿತ್ತು. ಆ ಸಲ ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು, "ಒಂದ್ಸಲ ಬಂದ್ಬಿಡ್ರಪ್ಪ ನೀವಿಬ್ರೂ. ಸಫಾರಿ ತೋರಿಸ್ತೀನಿ. ಸಿಂಹ ಹಿಂಗೆ ನಮ್ಮ ಜೀಪಿನ ನೆರಳಲ್ಲೇ ಬಂದು ಮಲಗ್ತದೆ," ಎಂದರು. ಸರೋಜ ತಟ್ಟೆ ತೊಳೆಯುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದು ನಿಂತಳು.

"ಬರೋದೇನೋ ಬರಬಹುದು ಅಣ್ಣಾ," ಎಂದೆ. "ಯಾವಾಗ ಬಂದ್ರೆ ಚೆನ್ನ?"

ನೋಡಿ, ಹೋಗುವುದಾ ಬೇಡವಾ ಎಂದು ನಾನು ಕೇಳಲಿಲ್ಲ. ದಾರಿ ಖರ್ಚು ಎಲ್ಲಿಂದ ಎಂದೂ ಕೇಳಲಿಲ್ಲ. ನೇರವಾಗಿ "ಯಾವಾಗ" ಎಂದು ಕೇಳಿಬಿಟ್ಟೆ. ಗೋವಿಂದಣ್ಣನಿಗೂ ಅದೇ ಬೇಕಿತ್ತು. ಚಕ್ಕಳಮಕ್ಕಳ ಹಾಕಿ ಕೂತು ವಿವರಿಸಿದರು. ಜುಲೈಯಿಂದ ಸೆಪ್ಟೆಂಬರ್ ಸೀಸನ್ನು. ಹುಲ್ಲು ಒಣಗಿರುತ್ತದೆ, ಮೃಗಗಳೆಲ್ಲ ನೀರಿರುವ ಕಡೆ ಸೇರುತ್ತವೆ, ಎಲ್ಲಿ ನೋಡಿದರೂ ಪ್ರಾಣಿ. ಜೊತೆಗೆ ಎಲ್ಲಿ ನೋಡಿದರೂ ಬಿಳಿಯರು. ಒಂದು ಸಿಂಹಕ್ಕೆ ಹತ್ತು ಜೀಪು ಸುತ್ತುಗಟ್ಟಿ, ಸೇಲಂ ಬಸ್‌ಸ್ಟ್ಯಾಂಡಿನ ಹಾಗೆ. ಏಪ್ರಿಲ್, ಮೇ ಆದರೆ ಅಲ್ಲಿ ಮಳೆಗಾಲ. ಯಾರೂ ಬರುವುದಿಲ್ಲ, ರೂಮು ಅಗ್ಗ, ಕಾಡೆಲ್ಲ ಹಸಿರು. ಆದರೆ ಹುಲ್ಲು ಆಳೆತ್ತರ, ಅದರೊಳಗೆ ಆನೆ ಇದ್ದರೂ ಕಾಣದು, ಜೀಪು ಕೆಸರಲ್ಲಿ ಹೂತರೆ ಎಳೆಯಲು ಜನ ಸಿಗರು. "ಯೋಚನೆ ಮಾಡಿ ಬರೀರಿ," ಎಂದು ಹೇಳಿ, ರಜೆ ಮುಗಿಸಿ, ಹೆಂಡತಿಯನ್ನು ಕರೆದುಕೊಂಡು ಹೊರಟುಹೋದರು.

ನಾವು ಯೋಚನೆ ಮಾಡಿದೆವು. ಯೋಚನೆ ಎಂದರೆ ಜಗಳ. ಸರೋಜಳದು ಸೀಸನ್ ಪಕ್ಷ. "ಅಷ್ಟು ದೂರ ಹೋಗಿ ಹುಲ್ಲು ನೋಡ್ಕೊಂಡು ಬರೋದಾ? ಹುಲ್ಲು ನಮ್ಮ ಚಿಕ್ಕಪ್ಪನ ಊರಲ್ಲೂ ಐತೆ," ಅನ್ನುತ್ತಿದ್ದಳು. ನಾನು ಮಳೆಗಾಲದ ಪಕ್ಷ. ಕಾಡನ್ನು ಕಾಡಿನ ಹಾಗೆ ನೋಡಬೇಕು, ಮೌನದಲ್ಲಿ ನೋಡಬೇಕು, ಹತ್ತು ಜೀಪಿನ ನಡುವೆ ಕೂತು ಸಿಂಹ ನೋಡಿದರೆ ಸಿಂಹಕ್ಕೂ ಅವಮಾನ ನಮಗೂ ಅವಮಾನ ಎಂದು ವಾದಿಸುತ್ತಿದ್ದೆ. ವಾದ ಬೀದಿಗೂ ಹಬ್ಬಿತು. ಎದುರುಮನೆಯವರು ಸೀಸನ್ ಪಕ್ಷ ಸೇರಿದರು. ಪಕ್ಕದ ಮನೆಯ ಮುದುಕರು ಮಳೆಗಾಲವೇ ಸರಿ ಎಂದರು, ಅವರಿಗೆ ಉಬ್ಬಸ, ಧೂಳಾಗದು. ಹಬ್ಬದ ದಿನ ಹೋಳಿಗೆ ಬಡಿಸುವಾಗಲೂ ಅದೇ ಮಾತು. ಒಂದು ಪಾಸ್‌ಪೋರ್ಟ್ ಅರ್ಜಿಯ ಮುಖ ಕೂಡ ನಾವ್ಯಾರೂ ನೋಡಿರಲಿಲ್ಲ.

ರಜೆ ವಿಚಾರಿಸಿಡೋಣ ಎಂದು ಒಂದು ದಿನ ನಮ್ಮ ಹೆಡ್‌ಕ್ಲಾರ್ಕ್ ಪಳನಿಸಾಮಿಯವರ ಮುಂದೆ ನಿಂತೆ. ಕನ್ನಡ ಬಾರದ, ನಗು ಅಪರೂಪವಾದ ಮನುಷ್ಯ.

"ಆಫ್ರಿಕಾವಾ? ಎದುಕ್ಕು?" ಎಂದರು.

"ಸಿಂಗಂ ಪಾಕ್ಕ ಸಾರ್."

ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿ, "ಸಿಂಗಂ ಪಾಕ್ಕ ಲೀವ್ ಕಿಡೈಯಾದು. ಸಿಂಗಂ ಕಡಿಚ್ಚಾ ಮೆಡಿಕಲ್ ಲೀವ್ ಉಂಡು," ಎಂದರು. ಸಿಂಹ ನೋಡುವುದಕ್ಕೆ ರಜೆ ಇಲ್ಲ, ಸಿಂಹ ಕಚ್ಚಿದರೆ ಮಾತ್ರ ಉಂಟು. ಆಫೀಸೆಲ್ಲ ಅವತ್ತು ಸಂಜೆವರೆಗೆ ನಕ್ಕಿತು. ಅದಾದ ಮೇಲೆ ಗೇಟಿನ ಕಾವಲುಗಾರ ಕೂಡ ನನ್ನನ್ನು ಕಂಡರೆ, "ಸಾರ್, ಎಪ್ಪೋ ಪಯಣಂ?" ಎಂದು ಪ್ರಯಾಣ ಯಾವಾಗ ಅಂತ ಕೇಳುತ್ತಿದ್ದ. "ಸೀಸನ್ ನೋಡ್ತಾ ಇದೀನಪ್ಪ," ಎಂದು ಗಂಭೀರವಾಗಿ ಹೇಳಿ ಒಳಗೆ ಹೋಗುತ್ತಿದ್ದೆ.

ಕೊನೆಗೆ ಸರೋಜಳೇ ಒಂದು ದಾರಿ ಹುಡುಕಿದಳು. "ಜನ ಇಲ್ಲದ ಕಾಡು ಹೆಂಗಿರ್ತದೆ ಅಂತ ಒಂದ್ಸಲ ನಮ್ಮ ಕಡೇನೇ ನೋಡಿಬಿಡಾಣ. ನಿಮಗೆ ಅದು ಹಿಡಿಸಿದ್ರೆ ನಾನು ಸೋತೆ," ಎಂದಳು. ಹಾಗೆ ಅಕ್ಟೋಬರ್ ಕೊನೆಯ ಐಪ್ಪಸಿ ತಿಂಗಳ ಮಳೆಯಲ್ಲಿ, ಹೊಗೇನಕಲ್ಲಿಗೆ ಹೋಗುವ ಬಸ್ಸುಗಳೇ ಅರ್ಧ ಖಾಲಿ ಓಡುವ ಕಾಲದಲ್ಲಿ, ಅವಳ ಚಿಕ್ಕಪ್ಪ ಮಾದಪ್ಪನ ಊರಿಗೆ ಹೊರಟೆವು. ಮಾದಪ್ಪ ಕೊಡೆಯ ಬದಲು ಗೋಣಿಚೀಲ ಹೊದ್ದು ಬಸ್ಸಿನ ಹತ್ತಿರವೇ ಕಾದಿದ್ದರು.

"ಈ ಮಳ್ಯಾಗ ಯಾರವ್ವಾ ಬತ್ತಾರೆ ಇಲ್ಲೀಗೆ?" ಎಂದರು ಸರೋಜಳಿಗೆ.

"ಇವರಿಗೆ ಜನ ಇರಬಾರ್ದಂತೆ ಚಿಕ್ಕಪ್ಪ."

"ಜನ ಎಲ್ಲವ್ರೆ ಇಲ್ಲಿ? ನಾನು ಇವ್ನಿ, ಕುರಿ ಐತೆ. ನನ್ನ ಬ್ಯಾಡ ಅಂದ್ರೆ ಓಯ್ತಿನಿ, ಕುರಿ ಎಲ್ಲಿ ಬುಡ್ಲಿ ಅಳಿಯಾ?"

ಮರುದಿನ ಮಳೆ ಬಿಟ್ಟು ಎಳೆಬಿಸಿಲು ಬಿದ್ದಿತ್ತು. ಮಾದಪ್ಪ ಕುರಿ ಹೊಡೆದುಕೊಂಡು ಕಾಡಂಚಿನ ನೀರಿನ ಕುಂಟೆಯ ಕಡೆ ಹೊರಟರು. ನಾವೂ ಹಿಂದೆ ನಡೆದೆವು. ತೊಳೆದಿಟ್ಟ ಹಾಗೆ ಹಸಿರು. ಒಂದು ನರಪಿಳ್ಳೆಯಿಲ್ಲ. ನನ್ನ ಪಕ್ಷ ಗೆಲ್ಲುತ್ತಿದೆ ಎಂಬ ಉಬ್ಬಿನಲ್ಲಿ ನಾನು ಮಾದಪ್ಪನಿಗೆ ಪ್ರಕೃತಿ, ಮೌನ, ಏಕಾಂತ ಎಂದೇನೇನೋ ಹೇಳುತ್ತ ಹೋಗುತ್ತಿದ್ದೆ. ಅವರು ಹೂಂ ಹೂಂ ಎನ್ನುತ್ತಿದ್ದವರು ಒಮ್ಮೆಲೇ ಕೋಲನ್ನು ಅಡ್ಡ ಹಿಡಿದು ನಿಂತರು. "ಉಸುರೆತ್ತಬ್ಯಾಡಿ. ಇದ್ದಂಗೇ ನಿಂತ್ಕಳಿ," ಎಂದರು ಪಿಸುಮಾತಿನಲ್ಲಿ.

ಕುಂಟೆಯ ಆಚೆ ದಡದಲ್ಲಿ ಆನೆಗಳು. ಎಷ್ಟಿದ್ದವೆಂದು ನನಗೆ ಗೊತ್ತಿಲ್ಲ. ಒಂದನ್ನು ನೋಡಿದ್ದು ನೆನಪಿದೆ. ಅದರ ಕಿವಿ ಅಲ್ಲಾಡಿದ್ದು ನೆನಪಿದೆ. ಆಮೇಲಿನ ನಿರ್ಧಾರ ನನ್ನದಲ್ಲ, ಕಾಲುಗಳದು. ನಿಂತುಕೊಳ್ಳಿ ಎಂಬ ಮಾತು ಕಿವಿಯಲ್ಲಿರುವಾಗಲೇ ಅವು ಹಿಂದಕ್ಕೆ ತಿರುಗಿ ಓಡತೊಡಗಿದ್ದವು. ನಾನು ಓಡಿದ್ದು ಕಂಡು ಕುರಿಗಳೂ ಓಡಿದವು, ಅಥವಾ ಕುರಿಗಳು ಓಡಿದ್ದು ಕಂಡು ನಾನು ಓಡಿದೆ. ಈ ವಿಷಯದಲ್ಲಿ ನನಗೂ ಮಾದಪ್ಪನಿಗೂ ಇಂದಿಗೂ ಅಭಿಪ್ರಾಯಭೇದವಿದೆ. ಅಂತೂ ನಾವೆಲ್ಲ ಒಟ್ಟಾಗಿ ಮುಳ್ಳುಬೇಲಿಯ ದೊಡ್ಡಿಯೊಳಗೆ ನುಗ್ಗಿದೆವು. ಮುಂದೆ ಕುರಿ, ಹಿಂದೆ ಕುರಿ, ಎರಡು ಪಕ್ಕೆಗೂ ಒತ್ತಿಕೊಂಡು ಕುರಿ. ಒದ್ದೆ ಉಣ್ಣೆಯ ವಾಸನೆಯಲ್ಲಿ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಒಂದೇ: ಗುಂಪು ಎಂಬುದು ಎಷ್ಟು ಒಳ್ಳೆಯದು. ಇನ್ನೂ ಒಂದಿಷ್ಟು ಕುರಿ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು.

ಬಹಳ ಹೊತ್ತಿನ ಮೇಲೆ ಸರೋಜ ಬಂದಳು. ಅವಳ ಮುಖ ಹಾಗೆ ಅರಳಿದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಮದುವೆಯ ದಿನವೂ ನೋಡಿರಲಿಲ್ಲ. ಬೇಲಿಯ ಆಚೆ ನಿಂತು ಮೆಲ್ಲಗೆ, "ಮರಿ ಇತ್ತು. ನೀರಿಗೆ ಇಳಿಯಾಕೆ ಎದರ್ಕೊಂಡು ಅಮ್ಮನ ಕಾಲು ಸಂದಿಗೇ ಓಗಿ ಓಗಿ ನಿಲ್ತಿತ್ತು. ನೀವು ಇರಬೇಕಿತ್ತು," ಎಂದಳು. ಖುಷಿಯಾದಾಗ ಅವಳ ತವರಿನ ಮಾತೇ ಬಂದುಬಿಡುತ್ತದೆ. ಕುಹಕವಿರಲಿಲ್ಲ, ನಿಜವಾಗಿಯೇ ಹೇಳಿದಳು. ಅದಕ್ಕೇ ಹೆಚ್ಚು ನಾಟಿತು. ಮಾದಪ್ಪ ನನ್ನ ಮಾನ ಕಾಯಲು, "ಅಳಿಯಂದ್ರು ಕುರಿ ನೋಡ್ಕಂಡ್ರಲ್ಲ ಬುಡವ್ವ. ಒಂದೂ ತೆಪ್ಪಿಸ್ಕಂಡಿಲ್ಲ," ಎಂದರು.

ಅಲ್ಲಿಂದ ಮನೆಗೆ ಬಂದ ಮೇಲೆ ಜಗಳ ನಿಂತಿತು ಎಂದುಕೊಂಡಿರಾ? ಇಲ್ಲ, ಪಕ್ಷಗಳು ಅದಲುಬದಲಾದವು. ಜೀಪಿನ ಸುತ್ತ ಇನ್ನೂ ಒಂಬತ್ತು ಜೀಪು ಇರುವುದರಲ್ಲಿ ಎಂಥ ವಿವೇಕವಿದೆ ಎಂದು ನಾನು ವಾದಿಸತೊಡಗಿದೆ. ಸರೋಜ, ಜನ ಇಲ್ಲದಾಗಲೇ ಹೋಗಬೇಕು, ಸದ್ದಿಲ್ಲದೆ ನಿಂತರೆ ಏನೇನು ಕಾಣುತ್ತದೆ, ಅನ್ನತೊಡಗಿದಳು. ಹೀಗೆ ಒಂದು ವರ್ಷ ಕಳೆಯಿತು. ಆಗ ನೈರೋಬಿಯಿಂದ ಗೋವಿಂದಣ್ಣ ಸುದ್ದಿ ಕಳಿಸಿದರು. ಕಮಲಳಿಗೆ ತಡವಾಗಿ ಬಸಿರು ನಿಂತಿದೆ, ಬಾಣಂತನಕ್ಕೆ ಮನೆಯ ಹೆಂಗಸೊಬ್ಬರು ಬೇಕು, ಸರೋಜಳನ್ನು ಕಳಿಸಿಕೊಡಿ, ಟಿಕೆಟ್ಟು ನನ್ನದು, ಮುಂಬಯಿಯಿಂದ ಪರಿಚಯದ ಸಂಸಾರವೊಂದು ಜೊತೆಗೆ ಬರುತ್ತದೆ. ಹೋಗಬೇಕಾದದ್ದು ಏಪ್ರಿಲ್ ತಿಂಗಳಲ್ಲಿ.

"ಏಪ್ರಿಲ್ ಅಂದ್ರೆ ಮಳೆಗಾಲ," ಎಂದೆ ನಾನು. "ಸೆಪ್ಟೆಂಬರ್ ಆಗಿದ್ರೆ..."

ಸರೋಜ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಕೂಸು ಸೀಸನ್ ನೋಡ್ಕೊಂಡು ಹುಟ್ಟಲ್ಲ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಯಾವ ಕಾಲಾನೂ ಆಗಿ ಬರಲ್ಲ. ಯಾಕಂದ್ರೆ ನಿಮಗೆ ಹೋಗೋದೇ ಇಷ್ಟ ಇಲ್ಲ. ಯಾವಾಗ ಯಾವಾಗ ಅಂತ ಕೇಳ್ತಾ ಇದ್ರೆ ಹೊರಡೋ ಕಷ್ಟ ಇಲ್ಲ ನೋಡಿ. ನನಗೆ ಇಷ್ಟ ಐತೆ. ನಾನು ಹೋಗಿ ಬರ್ತೀನಿ."

ಮದರಾಸಿಗೆ ಹೋಗಿ ಪಾಸ್‌ಪೋರ್ಟಿಗೆ ನಿಂತದ್ದು ನಾನೇ, ಮುಂಬಯಿಯವರೆಗೆ ಹೋಗಿ ಬಿಟ್ಟು ಬಂದದ್ದೂ ನಾನೇ. ವಿಮಾನದ ಕಡೆ ನಡೆಯುವಾಗ ಅವಳು ಒಂದು ಸಲ ತಿರುಗಿ ನೋಡಿದಳು. ಕೈಯಲ್ಲಿ ಬಾಣಂತಿಯ ಲೇಹ್ಯದ ಡಬ್ಬಿ. ಅಳುತ್ತಾಳೆಂದು ಕರವಸ್ತ್ರ ಸಿದ್ಧವಾಗಿಟ್ಟುಕೊಂಡಿದ್ದೆ. ಅದು ನನಗೇ ಬೇಕಾಯಿತು. ಆಮೇಲೆ ಮೆಟ್ಟೂರಿನ ಮನೆಯಲ್ಲಿ ಜನವಿಲ್ಲದ, ಸದ್ದಿಲ್ಲದ, ಅಪ್ಪಟ ಏಕಾಂತ ನನಗೆ ತಿಂಗಳುಗಟ್ಟಲೆ ಸಿಕ್ಕಿತು. ಸಂಜೆ ಡ್ಯೂಟಿ ಮುಗಿದರೆ ಮನೆಗೆ ಹೋಗದೆ ಬಸ್‌ಸ್ಟ್ಯಾಂಡಿನಲ್ಲಿ, ಕೊಳತ್ತೂರಿನ ಬಸ್ಸಿಗೆ ನೂಕಾಡುವ ಜನರ ಮಧ್ಯೆ, ಯಾವ ಬಸ್ಸಿಗೂ ಕಾಯದೆ ನಿಂತಿರುತ್ತಿದ್ದೆ.

ಅವಳು ಬಂದಳು, ಸ್ವಲ್ಪ ಮೈ ತುಂಬಿಕೊಂಡು, ಸ್ವಲ್ಪ ಕಪ್ಪಾಗಿ. ಕಮಲಳಿಗೆ ಹೆಣ್ಣು ಮಗು, ಸುಖವಾಗಿದೆ. ಬಾಣಂತನ ಒಂದು ಹದಕ್ಕೆ ಬಂದ ಮೇಲೆ, ಮಳೆಗಾಲ ಮುಗಿಯುವ ಮುಂಚೆಯೇ, ಭಾವ ಸಫಾರಿಗೆ ಕರೆದುಕೊಂಡು ಹೋಗಿದ್ದರು. ಆಳೆತ್ತರದ ಹುಲ್ಲು, ಹೂತುಹೋದ ಜೀಪು, ಜೀಪು ಎಳೆಯಲು ಯಾರೂ ಇಲ್ಲದೆ ಅರ್ಧ ದಿನ ಕೂತದ್ದು, ಕೂತಲ್ಲಿಗೇ ಸಿಂಹವೊಂದು ಮರಿಗಳ ಸಮೇತ ಬಂದದ್ದು. ಇದನ್ನು ಕೇಳಲು ನಮ್ಮ ಬೀದಿಯವರೆಲ್ಲ ಮನೆಗೆ ಬಂದರು. ಪಳನಿಸಾಮಿಯವರೂ ಸಂಸಾರ ಸಮೇತ ಬಂದು ಇದ್ದ ಒಂದೇ ಕುರ್ಚಿಯಲ್ಲಿ ಕೂತರು. ಸರೋಜ ತಮಿಳಿನಲ್ಲಿ ಅವರಿಗೆ, ಕನ್ನಡದಲ್ಲಿ ಉಳಿದವರಿಗೆ ಹೇಳುತ್ತಿದ್ದಳು. ನಾನು ಒಳಗೆ ಅಷ್ಟೂ ಜನಕ್ಕೆ ಕಾಫಿ ಮಾಡುತ್ತಿದ್ದೆ. ಮೊದಲ ಸುತ್ತಿನ ಲೋಟಗಳನ್ನು ತಂದಿಟ್ಟಾಗ ಪಳನಿಸಾಮಿ ನನ್ನ ಕಡೆ ತಿರುಗಿ, ಈ ಸಲ ನಿಜವಾದ ಕನಿಕರದಿಂದ, "ನೀಂಗ ಎಪ್ಪೋ ಪೋರೀಂಗ?" ಎಂದು, ನಾನು ಹೋಗುವುದು ಯಾವಾಗ ಎಂದು ಕೇಳಿದರು.

ನಾನು ತಟ್ಟೆ ಹಿಡಿದು ನಿಂತು, ಜುಲೈ ಒಳ್ಳೆಯದೋ ಏಪ್ರಿಲೋ ಎಂದು ಅವರಿಗೆ ಎರಡೂ ಕಡೆಯ ಲಾಭನಷ್ಟ ವಿವರಿಸತೊಡಗಿದೆ. ಅವರು ಶ್ರದ್ಧೆಯಿಂದ ಕೇಳಿದರು. ಮಾತು ಮುಗಿಸಿ ಒಳಗೆ ಹೋಗುವ ಹೊತ್ತಿಗೆ ಎರಡನೇ ಸುತ್ತಿನ ಹಾಲು ಉಕ್ಕಿ, ಸೀಮೆಎಣ್ಣೆ ಸ್ಟೌವು ಆರಿಹೋಗಿತ್ತು.