ಬಿಸಿಲು ತೋಪಿನ ಲೈಸೆನ್ಸು

ಪಾವಗಡ ತಾಲ್ಲೂಕು ಬಲಸಮುದ್ರದಲ್ಲಿ ಸೂರ್ಯನು ಲೈಸೆನ್ಸಿಲ್ಲದೆ ತೋಪು ಹಾರಿಸುತ್ತಿದ್ದ ಪ್ರಕರಣವು ಎಲ್ಲರಿಗೂ ಸಮಾಧಾನವಾಗುವಂತೆ ಇತ್ಯರ್ಥವಾಗಿದೆ ಎಂಬುದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು.

ತೋಪು ಚೌಡಯ್ಯನದು. ದೊಡ್ಡದೇನಲ್ಲ, ಮಲಗಿದ ಬೆಕ್ಕಿನಷ್ಟು. ಅವನ ತಾತನ ಕಾಲದಲ್ಲಿ ಕೆರೆ ಅಳೆಯಲು ಬಂದಿದ್ದ ದೊರೆಯೊಬ್ಬ ಊರು ಬಿಡುವಾಗ ಕೊಟ್ಟುಹೋಗಿದ್ದ. ಅಮೃತಶಿಲೆಯ ಹಲಗೆಯ ಮೇಲೆ ಹಿತ್ತಾಳೆಯ ತೋಪು, ಅದರ ಮೇಲೊಂದು ಭೂತಗನ್ನಡಿ. ಬೆಳಿಗ್ಗೆ ಚಿಟಿಕೆ ಮದ್ದು ತುಂಬಿ ಬಿಸಿಲಿಗಿಟ್ಟರೆ ಆಯಿತು. ಸೂರ್ಯ ನೆತ್ತಿಗೆ ಬಂದ ಗಳಿಗೆಗೆ ಸರಿಯಾಗಿ ಗಾಜಿನಿಂದ ಇಳಿದ ಬಿಸಿಲು ಮದ್ದಿಗೆ ತಾಗಿ, ತೋಪು ತಾನಾಗಿ ಢಂ ಅನ್ನುತ್ತಿತ್ತು. ಗುಂಡಿಲ್ಲ, ಬರೀ ಸದ್ದು. ತಾತ, ಅಪ್ಪ, ಚೌಡಯ್ಯ ಎಲ್ಲರೂ ಆ ಸದ್ದು ಕೇಳಿಯೇ ಮುದ್ದೆಗೆ ಕೂತವರು.

ಸೋಲಾರ್ ಪಾರ್ಕ್ ಬಂದ ಮೇಲೆ ತೊಂದರೆ ಶುರುವಾಯಿತು. ಚೌಡಯ್ಯನ ಹೆಂಡತಿ ಈಶ್ವರಮ್ಮನೂ ಊರಿನ ಹೆಂಗಸರೂ ಅಲ್ಲಿ ಪ್ಯಾನೆಲ್ ತೊಳೆಯುವ ಕೆಲಸಕ್ಕೆ ಸೇರಿದ್ದರು. ‘ಮಧ್ಯಾಹ್ನವಾದ ಕೂಡಲೇ ಊಟಕ್ಕೆ ಬಿಡತಕ್ಕದ್ದು’ ಎಂದು ಕರಾರಿನಲ್ಲಿತ್ತು. ಕಂಟ್ರಾಕ್ಟರ್ ಪ್ರಸನ್ನ ಕುಮಾರನ ಕೈಗಡಿಯಾರದಲ್ಲಿ ಮಧ್ಯಾಹ್ನವಾಗುವುದು ಅವನಿಗೆ ಮನಸ್ಸು ಬಂದಾಗ, ಅಂದರೆ ಎರಡೂವರೆಯ ಸುಮಾರಿಗೆ. ಹೆಂಗಸರು ಅವನ ಗಡಿಯಾರ ನೋಡಲಿಲ್ಲ. ಊರ ಕಡೆ ತೋಪು ಢಂ ಅಂದದ್ದೇ ಬಕೆಟ್ಟು ಇಳಿಸಿ ಬುತ್ತಿ ಬಿಚ್ಚಿದರು. ಅಕ್ರಮ ಆಯುಧವೊಂದು ದಿನವೂ ಹಾರುತ್ತಿದ್ದು, ಅದರಿಂದ ದೇಶದ ವಿದ್ಯುತ್ತಿಗೆ ಪೆಟ್ಟು ಬೀಳುತ್ತಿದೆ ಎಂದು ಪ್ರಸನ್ನ ಕುಮಾರ ಪೊಲೀಸರಿಗೆ ದೂರು ಕೊಟ್ಟ.

ಸಬ್ ಇನ್‌ಸ್ಪೆಕ್ಟರ್ ಮಹಾಲಿಂಗಯ್ಯ ಬಂದರು. ಪಂಚನಾಮೆ ಬರೆಯುತ್ತಿರುವಾಗಲೇ ತೋಪು ಹಾರಿತು. ಇಷ್ಟು ಸ್ಪಷ್ಟವಾದ ಸಾಕ್ಷ್ಯ ತಮ್ಮ ಸರ್ವೀಸಿನಲ್ಲೇ ಸಿಕ್ಕಿರಲಿಲ್ಲವಾದ್ದರಿಂದ ಅವರಿಗೆ ಸಂತೋಷವೇ ಆಯಿತು. ಹಾರಿಸಿದವನ ಹೆಸರೇನೆಂದು ಕೇಳಿದರು. ಚೌಡಯ್ಯ ಅವರ ಪಕ್ಕದಲ್ಲೇ, ಬೇವಿನ ನೆರಳಲ್ಲಿ ಕೂತಿದ್ದ.

“ನಾನಿಲ್ಲೇ ಕುಂತಿದೀನಲ್ಲ ಸಾಮಿ. ಹೊಡ್ದೋನು ಮೇಲವ್ನೆ,” ಅಂದ.

ಮಹಾಲಿಂಗಯ್ಯ ಮೇಲೆ ನೋಡಿದರು. ಕಣ್ಣು ಕುಕ್ಕಿತು. ತನಿಖಾಧಿಕಾರಿಯ ಮೇಲೆ ಹಲ್ಲೆಗೆ ಯತ್ನಿಸಿದ್ದನ್ನೂ ಸೇರಿಸಿಕೊಂಡು ಎಫ್‌ಐಆರ್ ಸಿದ್ಧವಾಯಿತು. ಆರೋಪಿ, ಸೂರ್ಯ ಬಿನ್ ಕಶ್ಯಪ. ಜಾತಿ, ವಿಚಾರಿಸಲಾಗುತ್ತಿದೆ. ಬೆಳಿಗ್ಗೆ ಆಂಧ್ರದ ಕಡೆಯಿಂದ ಗಡಿ ದಾಟಿ ಬಂದು ಸಂಜೆ ತಲೆಮರೆಸಿಕೊಳ್ಳುವುದು ಈತನ ರೂಢಿ. ಠಾಣೆಗೆ ಕರೆತರಲು ಯಾರಾದರೊಬ್ಬರು ಬೇಕಿದ್ದುದರಿಂದ ಚೌಡಯ್ಯನನ್ನು ಎರಡನೇ ಆರೋಪಿ ಮಾಡಲಾಯಿತು.

ಮೊದಲನೇ ಆರೋಪಿ ಕೈಗೆ ಸಿಗುವವನಲ್ಲ, ಹಾಗಾಗಿ ಇಬ್ಬರ ಜೈಲನ್ನೂ ಎರಡನೆಯವನೇ ಅನುಭವಿಸಬೇಕಾಗುತ್ತದೆ ಎಂದು ಊರವರು ಚೌಡಯ್ಯನಿಗೆ ಧೈರ್ಯ ಹೇಳಿದರು.

ವಿಚಾರಣೆ ಮಧುಗಿರಿಯ ಮ್ಯಾಜಿಸ್ಟ್ರೇಟ್ ಸಾಹೇಬರೊಬ್ಬರ ಮುಂದೆ ಬಂತು. ಪ್ರಸನ್ನ ಕುಮಾರನ ವಕೀಲರು ಹೊಸ ವಾದ ಹೂಡಿದರು. ಆ ಪ್ರದೇಶದಲ್ಲಿ ಬೀಳುವ ಬಿಸಿಲೆಲ್ಲ ಕರಾರಿನ ಪ್ರಕಾರ ಪಾರ್ಕಿಗೆ ಸೇರಿದ್ದು, ಚೌಡಯ್ಯ ಭೂತಗನ್ನಡಿ ಹಿಡಿದು ಅದನ್ನು ದಿನವೂ ಬೊಗಸೆಯಷ್ಟು ಕದಿಯುತ್ತಿದ್ದಾನೆ ಎಂದರು. ಸಾಹೇಬರು ತಲೆದೂಗಿ ಬರೆದುಕೊಂಡರು. ಹಿಂದೆ ನಿಂತಿದ್ದ ಈಶ್ವರಮ್ಮ ಮುಂದೆ ಬಂದಳು.

“ಬಿಸ್ಲು ತಮ್ದೇ ಅಂತ ಇವ್ರೇ ಒಪ್ಕಂಡ್ಬುಟ್ರಲ್ಲ ಸಾಮಿ. ಅಂಗಾದ್ರೆ ಮದ್ದಿಗೆ ಬೆಂಕಿ ಇಕ್ಕಿದ್ದೂ ಇವ್ರೇ. ನನ್ ಗಂಡನ್ನ ಯಾಕೆ ಹಿಡ್ಕಂಡಿದೀರ?”

ವಕೀಲರು ವಾಯಿದೆ ಕೇಳಿದರು. ಸಾಹೇಬರು ನೀರು ಕುಡಿದರು. ಪಾರ್ಕಿನಂಥ ಪಾರ್ಕನ್ನು ಆರೋಪಿ ಮಾಡುವುದು ಸಭ್ಯತೆಯಲ್ಲವಾದ್ದರಿಂದ, ಪ್ರಕರಣ ಕೈಬಿಟ್ಟು ಹೀಗೆ ಆದೇಶಿಸಿದರು:

‘ಸದರಿ ಸೂರ್ಯನು ಪಾರ್ಕಿನ ಅಧೀನದಲ್ಲಿ ಕಾರ್ಯನಿರ್ವಹಿಸುತ್ತಿರುವುದರಿಂದ ಸದರಿ ತೋಪನ್ನೂ ಪಾರ್ಕಿಗೆ ಹಸ್ತಾಂತರಿಸತಕ್ಕದ್ದು. ಸುರಕ್ಷತೆಯ ದೃಷ್ಟಿಯಿಂದ ಅದನ್ನು ಬಿಸಿಲು ತಾಗದಂತೆ ಚಾವಣಿಯ ಕೆಳಗೆ ಇಡತಕ್ಕದ್ದು. ಲೈಸೆನ್ಸಿಗೆ ಹೆಬ್ಬೆಟ್ಟು ಒತ್ತಲು ಸೂರ್ಯನು ಹಾಜರಾಗದ ಕಾರಣ, ಅವನ ಪರವಾಗಿ ಹಾರಿಸಲು ಅನುಭವವುಳ್ಳ ಒಬ್ಬರನ್ನು ಹೊರಗುತ್ತಿಗೆಯಲ್ಲಿ ನೇಮಿಸಿಕೊಳ್ಳತಕ್ಕದ್ದು.’

ಅನುಭವವುಳ್ಳವನು ಚೌಡಯ್ಯ ಒಬ್ಬನೇ. ಅವನಿಗೆ ನೀಲಿ ಅಂಗಿ ಕೊಟ್ಟು, ‘ಸೂರ್ಯ (ಹೊರಗುತ್ತಿಗೆ)’ ಎಂದು ಬರೆದ ಕಾರ್ಡನ್ನು ಕೊರಳಿಗೆ ಹಾಕಿದರು. ಗೇಟಿನ ಪಕ್ಕ ತಗಡಿನ ಶೆಡ್ಡು ಎದ್ದಿತು. ಭೂತಗನ್ನಡಿ ಅನಗತ್ಯವೆಂದು ಕಳಚಿದರು. ಪ್ರಸನ್ನ ಕುಮಾರ ಆಫೀಸಿನ ಕಿಟಕಿಯಿಂದ ಕರ್ಚೀಫು ಬೀಸಿದಾಗ ಚೌಡಯ್ಯ ಬೆಂಕಿಕಡ್ಡಿ ಗೀರುತ್ತಾನೆ. ಆಗ ಎರಡೂವರೆ ಆಗಿರುತ್ತದೆ, ಕೆಲವೊಮ್ಮೆ ಮೂರು.

ಮೊದಮೊದಲು ಈಶ್ವರಮ್ಮ ಒಸಿ ಬೇಗ ಹೊಡಿಬಾರದಾ ಎಂದು ಮನೆಯಲ್ಲಿ ಜಗಳ ತೆಗೆಯುತ್ತಿದ್ದಳು. ಕರ್ಚೀಫು ಬೀಸದೆ ಹೊಡೆದರೆ ಲೈಸೆನ್ಸು ರದ್ದಾಗುತ್ತದೆ ಎಂದು ಚೌಡಯ್ಯ ತಗ್ಗಿದ ದನಿಯಲ್ಲಿ ತಿಳಿಹೇಳುತ್ತಿದ್ದ. ನೆತ್ತಿಯ ಮೇಲೆ ನಿಜವಾದ ಮಧ್ಯಾಹ್ನ ಬಂದು ನಿಂತಾಗ ಅವನಿಗೆ ನಾಚಿಕೆಯಾಗುತ್ತಿತ್ತು. ಶೆಡ್ಡಿನೊಳಗಿಂದ ಆಕಾಶ ಕಾಣದ್ದರಿಂದ ಅದೂ ಕ್ರಮೇಣ ಸರಿಹೋಯಿತು.

ಹೋದ ವಾರ ಚೌಡಯ್ಯ ಜ್ವರ ಬಂದು ಮಲಗಿದ. ಬದಲಿ ಸೂರ್ಯ ಸಿಗಲಿಲ್ಲ. ‘ಸೂರ್ಯ ರಜೆಯಲ್ಲಿರುವುದರಿಂದ ಇಂದು ಮಧ್ಯಾಹ್ನ ಇರುವುದಿಲ್ಲ’ ಎಂದು ಗೇಟಿನಲ್ಲಿ ನೋಟಿಸು ಹಚ್ಚಿದರು. ಹೆಂಗಸರು ಓದಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಕೆಟ್ಟು ಎತ್ತಿದರು. ಯಾರೂ ತಕರಾರು ಮಾಡಲಿಲ್ಲ. ಈಶ್ವರಮ್ಮ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಒಮ್ಮೆ ಮೇಲೆ ನೋಡಿದಳು.

“ನಿಂಗೇನಪ್ಪ, ಪರ್ಮನೆಂಟು,” ಅಂದು ಮುಂದಿನ ಪ್ಯಾನೆಲ್ಲಿಗೆ ನೀರು ಹೊಯ್ದಳು.